ಬಾವಿ ನೀರು ಕುಡಿದ ಕಾರು

ನಮ್ಮ ಮನೆಯ ಹೊಸ್ತಿಲು ಎತ್ತಿಡುವಂಥದ್ದು. ಮಂದಿಯ ಮನೆಗಳಲ್ಲಿ ಹೊಸ್ತಿಲು ನೆಲದಲ್ಲಿ ಹೂತಿರುತ್ತದೆ. ನಮ್ಮಲ್ಲಿ ಅದು ಎರಡು ಕಬ್ಬಿಣದ ಕೊಂಡಿಗಳ ನಡುವೆ ಕೂರಿಸಿದ ತೇಗದ ಹಲಗೆ. ಬೆಳಿಗ್ಗೆ ಅವ್ವ ಅದನ್ನು ತೊಳೆದು, ಅರಿಸಿನ ಹಚ್ಚಿ, ಕುಂಕುಮ ಇಟ್ಟು ಕೈಮುಗಿಯುತ್ತಿದ್ದಳು. ಕಾರು ಹೊರಗೆ ಹೋಗುವ ದಿನ ಅಪ್ಪ ಆ ಅರಿಸಿನ ಕುಂಕುಮದ ಸಮೇತ ಅದನ್ನು ಎತ್ತಿ ಗೋಡೆಗೆ ಆನಿಸಿಡುತ್ತಿದ್ದ. ಕಾರು ವಾಪಸು ಒಳಗೆ ಬಂದ ಮೇಲೆ ಹಲಗೆ ಮತ್ತೆ ಕೊಂಡಿಗೆ ಬೀಳುತ್ತಿತ್ತು. ಹೊಸ್ತಿಲು ಗೋಡೆಗೆ ಒರಗಿ ನಿಂತ ಮನೆಯನ್ನು ನೀವು ನೋಡಿರಲಿಕ್ಕಿಲ್ಲ. ನಾನು ಅಂಥ ಮನೆಯಲ್ಲಿ ಬೆಳೆದವಳು.

ಮನೆ ಇದ್ದದ್ದು ವಿಜಯಪುರದ ಜೋರಾಪುರ ಪೇಟೆಯಲ್ಲಿ, ಎರಡು ಎಮ್ಮೆ ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದ ಓಣಿಯಲ್ಲಿ. ಅಪ್ಪನದು ಹಗ್ಗ ಮತ್ತು ತಾಡಪಾಲಿನ ಅಂಗಡಿ, ನಡೆದು ಹೋಗುವಷ್ಟು ಹತ್ತಿರ. ಅಂಥವನಿಗೆ ಕಾರು ಯಾಕೆ ಬೇಕಾಗಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಬೇಕಾಗಿತ್ತು, ತಂದ. ಉಬ್ಬು ಮೂತಿಯ, ಯಾರೋ ಬಳಸಿ ಬಿಟ್ಟ ಬಿಳಿ ಕಾರು. ಓಣಿಯಲ್ಲಿ ನಿಲ್ಲಿಸಿದರೆ ದನ ಮೈ ತಿಕ್ಕುತ್ತವೆ, ಹುಡುಗರು ಮೊಳೆಯಿಂದ ಗೀಚುತ್ತಾರೆ ಎಂದು ಬಾಗಿಲ ಒಳಗಿನ ದೇವಡಿಯಲ್ಲೇ, ಅಂದರೆ ಬೀದಿ ಬಾಗಿಲಿಗೂ ಪಡಸಾಲೆಗೂ ನಡುವಿನ ಹಾದಿಯಲ್ಲಿ, ಅದನ್ನು ಕಟ್ಟಿಹಾಕುವುದೆಂದಾಯಿತು. ಅದಕ್ಕಾಗಿಯೇ ಹೊಸ್ತಿಲು ಕಿತ್ತದ್ದು. ಅಪ್ಪನ ತಾಯಿ, ನಮ್ಮ ಆಯಿ, ಅವತ್ತು ಊಟ ಬಿಟ್ಟು ಕೂತಳು. ಹೊಸ್ತಿಲಿಲ್ಲದ ಮನೆಗೆ ಲಕ್ಷ್ಮಿ ಎಲ್ಲಿ ನಿಂತು ಒಳಗೆ ಬರಬೇಕು ಎಂದು ಕೇಳಿದಳು. ಕೊನೆಗೆ ಬಡಿಗ ಎತ್ತಿಡುವ ಹಲಗೆ ಮಾಡಿಕೊಟ್ಟ ಮೇಲೆ ರೊಟ್ಟಿ ಮುಟ್ಟಿದಳು.

ಕಾರು ಒಳಗೆ ನಿಂತಿತೆಂದರೆ ಮನೆಯಿಂದ ಹೊರಬೀಳಲು ಉಳಿಯುತ್ತಿದ್ದದ್ದು ಎಡಗೋಡೆಯ ಪಕ್ಕದ ಒಂದು ಸಂದು. ಉಸಿರು ಒಳಗೆ ಎಳೆದುಕೊಂಡು, ಅಡ್ಡಡ್ಡ ಸರಿದು ಹೋಗಬೇಕು. ಗೋಡೆಗೆ ಸುಣ್ಣ ಬಳಿದಿತ್ತು. ನನ್ನ ಶಾಲೆಯ ನೀಲಿ ಲಂಗದ ಹಿಂಭಾಗ ಯಾವಾಗಲೂ ಬೆಳ್ಳಗಿರುತ್ತಿತ್ತು, ಮತ್ತು ಶಾಲೆಯಲ್ಲಿ ನನ್ನನ್ನು ಎಲ್ಲರೂ ಬೆನ್ನಿನಿಂದಲೇ ಗುರುತಿಸುತ್ತಿದ್ದರು. ಆಯಿ ದಪ್ಪಗಿದ್ದಳು. ಆಕೆಗೆ ಆ ಸಂದು ಸಾಲುತ್ತಿರಲಿಲ್ಲ. ಹಾಗಾಗಿ ಕಾರು ಹೊರಗೆ ಹೋದ ದಿನ ಬಿಟ್ಟರೆ ಆಕೆ ಹೊರಗೆ ಹೋಗುವಂತಿರಲಿಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, ಆಯಿ ಪಡಸಾಲೆಯಲ್ಲಿ ಕೂತು, ನಡುವೆ ಕಾರನ್ನು ಇಟ್ಟುಕೊಂಡು ಕೂಗಿ ಕೂಗಿ ಮಾತಾಡುತ್ತಿದ್ದರು. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರ ಸೊಸೆ ಮುನಿಸಿಕೊಂಡಳು ಎಂಬ ಗುಟ್ಟೆಲ್ಲ ಕಾರಿನ ಟಪ್ಪಿನ ಮೇಲಿಂದ ಹಾದು ಒಳಗೆ ಬರುತ್ತಿತ್ತು. ನಗು ಬರುವ ವಿಷಯ ಇದು. ಆದರೆ ಒಮ್ಮೊಮ್ಮೆ ಮಧ್ಯಾಹ್ನ ಯಾರೂ ಬಾರದೆ ಇದ್ದಾಗ ಆಯಿ ಸುಮ್ಮನೆ ಕಾರಿನ ಹಿಂಬದಿಯ ಗಾಜನ್ನೇ ನೋಡುತ್ತ ಕೂತಿರುತ್ತಿದ್ದಳು. ಆಗ ನನಗೆ ನಗು ಬರುತ್ತಿರಲಿಲ್ಲ.

ಇಷ್ಟಾಗಿಯೂ ಕಾರಿಗೆ ನೀರು ಕುಡಿಸುವ ಪದ್ಧತಿ ಹಾಕಿದವಳು ಆಯಿಯೇ. ಆಕೆಯ ತವರಿನಲ್ಲಿ ಹೊಸ ಎತ್ತು ಮನೆಗೆ ಬಂದರೆ ಬಾಗಿಲಲ್ಲೇ ಆ ಮನೆಯ ಬಾವಿಯ ನೀರು ಕುಡಿಸುತ್ತಿದ್ದರಂತೆ. ಆ ನೀರು ಹೊಟ್ಟೆಗೆ ಬಿದ್ದರೆ ಎತ್ತು ಮನೆಯದಾಗುತ್ತದೆ, ಹಗ್ಗ ಕಿತ್ತರೂ ತಿರುಗಿ ಬರುತ್ತದೆ. ಕಾರೂ ಎತ್ತಿನ ಲೆಕ್ಕವೇ ಎಂದು ಆಯಿ ತೀರ್ಮಾನಿಸಿದಳು. ನಮ್ಮ ಹಿತ್ತಲ ಬಾವಿಯ ನೀರು ಸವಳು. ಬೇಳೆ ಬೇಯುತ್ತಿರಲಿಲ್ಲ, ಸಬಕಾರ ನೊರೆ ಬರುತ್ತಿರಲಿಲ್ಲ, ಕುಡಿಯಲು ನಳದ ನೀರನ್ನು ಕಾದು ಹಿಡಿಯಬೇಕಾಗಿತ್ತು. ಅಂಥ ನೀರನ್ನು ಹೊಸ್ತಿಲ ಪೂಜೆಯಾದ ಮೇಲೆ ತಾಮ್ರದ ತಂಬಿಗೆಯಲ್ಲಿ ತಂದು ರೇಡಿಯೇಟರಿಗೆ ಸುರಿಯುವುದು ಅವ್ವನ ಕೆಲಸವಾಯಿತು. ರೇಡಿಯೇಟರು ಎಲ್ಲೋ ಸೋರುತ್ತಿತ್ತು, ಅಡಿಯ ಹಾಸುಗಲ್ಲು ಸದಾ ಒದ್ದೆ. ದಿನವೂ ಅಷ್ಟು ಇಳಿಯುತ್ತಿತ್ತು, ದಿನವೂ ಅಷ್ಟು ಹಾಕುತ್ತಿದ್ದಳು. ಅಪ್ಪ ಪಕ್ಕದಲ್ಲಿ ನಿಂತು ಮಗುವಿಗೆ ಹಾಲು ಕುಡಿಸುವುದನ್ನು ನೋಡಿದ ಹಾಗೆ ನೋಡುತ್ತಿದ್ದ.

ಕಾರು ಮಾರಿದವನು ಅದರ ಜೊತೆಗೆ ಹಸಿರು ದ್ರವ ತುಂಬಿದ ಒಂದು ಡಬ್ಬಿಯನ್ನೂ ಕೊಟ್ಟಿದ್ದ. ಇಂಜಿನ್ ತಂಪಿಡುವ ಕೂಲಂಟು. ಡಬ್ಬಿಯ ಮೇಲೆ ಹಿಮದ ಚಿತ್ರವಿತ್ತು, ಅದೇ ಎಡವಟ್ಟಾಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅದನ್ನು ಎಲ್ಲರಿಗೂ ತೋರಿಸಿದ.

"ಇದು ಬರ್ಫ ಬೀಳೂ ದೇಶದವರಿಗಿ. ಅಲ್ಲಿ ಇಂಜಿನ್ ಒಳಗ ನೀರು ಗಟ್ಟಿ ಆಕ್ಕೈತಿ. ನಮ್ಮ ಬಿಜಾಪುರದಾಗ ಬರ್ಫ ಎಲ್ಲೈತಿ? ಕುಲ್ಫಿ ಗಾಡ್ಯಾಗ ಐತಿ."

ಎಲ್ಲರೂ ನಕ್ಕೆವು. ಡಬ್ಬಿ ಅಡುಗೆಮನೆಯ ಗೋಡೆಯ ಮಾಡಕ್ಕೆ ಹೋಯಿತು, ಉಪ್ಪಿನಕಾಯಿ ಜಾಡಿಯ ಪಕ್ಕಕ್ಕೆ.

ಈಗ ನಾನು ಬಬಲೇಶ್ವರದ ಶಾಲೆಗೆ ದಿನವೂ ನನ್ನ ಕಾರನ್ನು ನಾನೇ ಓಡಿಸಿಕೊಂಡು ಹೋಗುತ್ತೇನೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿ, ಆ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟು ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇದೆಯೇ ಎಂದು ನೋಡುತ್ತೇನೆ. ಜೊತೆಯ ಶಿಕ್ಷಕಿಯರು ಟೀಚರಮ್ಮನ ಪೂಜೆ ಎಂದು ಕಾಡಿಸುತ್ತಾರೆ. ಕಾಡಿಸಲಿ. ಹಿಮ ತಡೆಯುವುದು ಆ ದ್ರವದ ಅರ್ಧ ಕೆಲಸ ಮಾತ್ರ. ನಮ್ಮಂಥ ಬಿಸಿಲೂರಿಗೆ ಬೇಕಾದದ್ದು ಉಳಿದರ್ಧ. ಅದು ಬೆರೆತ ನೀರು ಬೇಗ ಕುದಿಯುವುದಿಲ್ಲ, ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಸಣ್ಣ ಕೊಳವೆಗಳಲ್ಲಿ ಉಪ್ಪು ಕಟ್ಟುವುದಿಲ್ಲ. ಬೆರೆಸುವ ನೀರೂ ಬಟ್ಟಿ ಇಳಿಸಿದ ನೀರಾಗಿರಬೇಕು, ಬಾವಿಯದಲ್ಲ. ಬಣ್ಣ ನೋಡಿ ಯಾವುದಕ್ಕೆ ಯಾವುದನ್ನೋ ಬೆರೆಸಬಾರದು, ಕಾರಿನ ಪುಸ್ತಕ ಹೇಳಿದ್ದನ್ನೇ ಹಾಕಬೇಕು. ನಾಲಿಗೆಗೆ ಸಿಹಿಯಾದ ವಿಷ ಅದು, ಹುಡುಗರ ಮತ್ತು ನಾಯಿಬೆಕ್ಕುಗಳ ಕೈಗೆ ಸಿಗಬಾರದು, ಉಪ್ಪಿನಕಾಯಿಯ ಪಕ್ಕದಲ್ಲಂತೂ ಇಡಲೇಬಾರದು. ಎಲ್ಲಕ್ಕಿಂತ ದೊಡ್ಡ ಮಾತು, ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಕೈ ಹಚ್ಚಬಾರದು. ಇಷ್ಟನ್ನು ಅವತ್ತು ಯಾರಾದರೂ ನಮ್ಮ ಮನೆಯಲ್ಲಿ ಹೇಳಿದ್ದರೆ ಅಪ್ಪ ಕೇಳುತ್ತಿದ್ದನೇ? ಇಲ್ಲ.

ಅವ್ವನ ತವರು ಘೋಣಸಗಿ, ಟಿಕೋಟಾ ದಾಟಿ ಒಳಗೆ ಹೋಗಬೇಕು. ಕಾರು ಬರುವ ಮೊದಲು ಅವ್ವ ಮನಸ್ಸಾದಾಗ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ಕಿಟಕಿ ಪಕ್ಕ ಕೂತು ಹುರಿದ ಶೇಂಗಾ ತಿನ್ನುತ್ತ, ಗುರುತಿಲ್ಲದ ಹೆಂಗಸರ ಜೊತೆ ಅವರ ಮನೆಯ ಕಥೆಯನ್ನೆಲ್ಲ ಮಾತಾಡುತ್ತ ಹೋಗುತ್ತಿದ್ದಳು. ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಕಾರು ಬಂದ ಹೊಸದರಲ್ಲಿ ಅಪ್ಪ ಒಮ್ಮೆ ನಮ್ಮನ್ನು ಅದರಲ್ಲೇ ಘೋಣಸಗಿಗೆ ಕರೆದುಕೊಂಡು ಹೋದ. ಊರಿಗೆ ಊರೇ ನೋಡಲು ಬಂತು. ಅವ್ವನ ತಾಯಿಗೆ, ಅಂದರೆ ನಮ್ಮ ಅಮ್ಮನಿಗೆ, ಆಗಲೇ ಕಣ್ಣು ಮಂಜಾಗಿತ್ತು. ಆಕೆ ಕಾರನ್ನು ಮೂತಿಯಿಂದ ಬಾಲದವರೆಗೆ ಕೈಯಿಂದ ಸವರಿ ನೋಡಿದಳು. ಸಂಜೆ ಹೊರಟು ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಕಾರು ಬುಸುಗುಟ್ಟಿ ಹೊಗೆ ಬಿಟ್ಟು ನಿಂತಿತು. ಎತ್ತು ಕಟ್ಟಿ ಟಿಕೋಟಾದವರೆಗೆ ಎಳೆಸಬೇಕಾಯಿತು. ಯಾರೋ ಮುದುಕ ಹಿಂದಿನಿಂದ ಹೇಳಿದ:

"ಅಳಿಯಂದಿರ, ನಿಮ್ಮ ಗಾಡಿಗಿ ನಮ್ಮ ಎತ್ತು ಭಾಳ ಚಂದ ಒಪ್ಯಾವ ನೋಡ್ರಿ."

ಅಪ್ಪ ಆ ಮಾತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಮಾವನ ಮನೆಯ ಊರಿಗೆ ಆ ಕಾರನ್ನು ಮತ್ತೆ ಒಯ್ಯಲಿಲ್ಲ. ಅದು ಸರಿ, ನಾವು ಬಸ್ಸಿಗೆ ಹೋಗುತ್ತೇವೆ ಅಂದರೆ ಅದಕ್ಕೂ ಬಿಡಲಿಲ್ಲ.

"ಮನ್ಯಾಗ ಕಾರು ನಿಂತಿರುವಾಗ ನೀ ಬಸ್ ಸ್ಟ್ಯಾಂಡಿನ್ಯಾಗ ನಿಂತರ ಮಂದಿ ಏನಂದಾರು?"

"ಕಾರು ನಿಂತೇ ಐತ್ರಿ," ಎಂದಳು ಅವ್ವ, ರೊಟ್ಟಿ ಬಡಿಯುತ್ತ. "ಹೋಗೂದಿಲ್ಲಲ್ಲ."

"ಹೊಕ್ಕೈತಿ. ರಿಪೇರಿ ಮಾಡಸ್ತೇನಿ. ಅಲ್ಲೀ ತನಕ ತಡಿ."

ಈ ತಡಿ ಎಂಬ ಮಾತು ನಮ್ಮ ಮನೆಯಲ್ಲಿ ಕಾರಿನ ಹಾಗೆಯೇ ಬಾಗಿಲಿಗೆ ಅಡ್ಡ ನಿಂತುಬಿಟ್ಟಿತು. ಹಬ್ಬ ಬಂದವು, ಹೋದವು. ಮಾಮಾನ ಮಗುವಿನ ತೊಟ್ಟಿಲಿಗೆ ಕರೆ ಬಂತು, ತಡಿ ಎಂದ. ಆಗಾಗ ಕಾರು ತೆಗೆದು ಟಿಕೋಟಾದವರೆಗೆ ಹೋಗಿ ನೋಡುವುದು, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಮುಟ್ಟಿದ ಕೂಡಲೇ ತಿರುಗಿಸಿಕೊಂಡು ಬರುವುದು. ಅವ್ವ ಹಿಂದಿನ ಸೀಟಿನಲ್ಲಿ ಕೂತು, ತವರಿನ ಹಾದಿ ತಿರುಗುವ ಜಾಗವನ್ನು ಗಾಜಿನಲ್ಲಿ ನೋಡಿ, ಮತ್ತೆ ಮನೆಗೆ ಬರುತ್ತಿದ್ದಳು. ಕಾರು ಬಂದು ಆಕೆಯ ಲೋಕವನ್ನು ಬಸ್ಸಿನಷ್ಟು ದೂರದಿಂದ ಮುಳ್ಳಿನಷ್ಟು ದೂರಕ್ಕೆ ಇಳಿಸಿತು. ನನಗೆ ಅಪ್ಪನ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಆದರೆ ಆತ ಕೆಟ್ಟವನಾಗಿರಲಿಲ್ಲ, ಕಾರಿನ ಮುಂದೆ ಸಿಕ್ಕಿಬಿದ್ದವನಾಗಿದ್ದ. ಮಾರಿದರೆ ಮಂದಿ ನಗುತ್ತಾರೆ, ಇಟ್ಟುಕೊಂಡರೆ ಕಾರು ನಗುತ್ತದೆ.

ಒಂದು ದಿನ ಅವ್ವ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಸವಳು ನೀರು ಕಾಯಿಸಿ ಕಾಯಿಸಿ ಹಂಡೆಯ ಒಳಗೆ ಬಿಳಿಯ ಪದರು ಕಟ್ಟುತ್ತಿತ್ತು, ಆಗಾಗ ಕೆರೆಯದಿದ್ದರೆ ನೀರು ಕಾಯಲು ಕಟ್ಟಿಗೆಯೂ ಹೆಚ್ಚು, ಹೊತ್ತೂ ಹೆಚ್ಚು. ತಿಕ್ಕುತ್ತಿದ್ದವಳು ಕೈ ನಿಲ್ಲಿಸಿ ದೇವಡಿಯ ಕಡೆ ನೋಡಿದಳು. ರಾತ್ರಿ ಅಪ್ಪನ ತಾಟಿಗೆ ಶೇಂಗಾ ಹಿಂಡಿ ಹಾಕುತ್ತ ಹೇಳಿದಳು.

"ಹಂಡೆದಾಗ ಇಷ್ಟು ಕಟ್ಟತೈತಿ ಅಂದ್ರ ಅದರ ಹೊಟ್ಟ್ಯಾಗ ಎಷ್ಟು ಕಟ್ಟಿರಬೇಕ್ರಿ? ದಿನಾ ಅದಽ ನೀರು ಹಾಕಾಕತ್ತೇನಿ. ನಾಳಿಂದ ಬ್ಯಾಡ. ಆ ಹಸರ ಡಬ್ಬಿ ಹಾಕಿ ನೋಡೂಣು."

"ಹಂಡೆ ಬ್ಯಾರೆ, ಇಂಜಿನ್ ಬ್ಯಾರೆ," ಎಂದ ಅಪ್ಪ.

"ಎತ್ತಿಗಿ ನೀರು ತಪ್ಪಸಬಾರದು ಬೇ," ಎಂದಳು ಆಯಿ.

ಮರುದಿನ ಬೆಳಿಗ್ಗೆ ಅವ್ವ ಹೊಸ್ತಿಲಿಗೆ ಕೈಮುಗಿದು, ತಂಬಿಗೆ ತುಂಬಿ ತಂದು, ಎಂದಿನಂತೆ ಸುರಿದಳು. ತನ್ನ ಹಾದಿಗೆ ತಾನೇ ಸುಣ್ಣ ಕಟ್ಟುತ್ತಿದ್ದೇನೆ ಎಂದು ಗೊತ್ತಿದ್ದೂ ಸುರಿದಳು. ಮುಂದೆ ಎಂದೋ ಆ ರೇಡಿಯೇಟರನ್ನು ಬಿಚ್ಚಿದಾಗ ಉದುರಿದ್ದು ಹಂಡೆಯದೇ ಬಿಳಿ ಸಿಪ್ಪೆ, ಒಂದು ಪುಟ್ಟಿ ತುಂಬ. ಆದರೆ ಆ ಹೊತ್ತಿಗೆ ಅದನ್ನು ಯಾರು ಸರಿ ಅಂದರು, ಯಾರು ತಪ್ಪು ಅಂದರು ಎಂಬುದರಿಂದ ಏನೂ ಆಗಬೇಕಾಗಿರಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ಅವ್ವನ ತಮ್ಮ ಬಸುಮಾಮಾ ಮೊದಲ ಬಸ್ಸಿಗೆ ಬಂದ. ಸಂದಿನಲ್ಲಿ ಸರಿದು ಒಳಗೆ ಬಂದು, ಅಂಗಿಯ ಸುಣ್ಣವನ್ನೂ ಝಾಡಿಸದೆ ನಿಂತ.

"ಅಕ್ಕಾ, ಯವ್ವಗ ಆರಾಮಿಲ್ಲ. ಅನ್ನ ನೀರು ಬಿಟ್ಟಾಳ. ಮಗಳು ಕಾರಿನ್ಯಾಗ ಯಾವಾಗ ಬರತಾಳ ಅಂತ ಅದೊಂದಽ ಕೇಳಾಕತ್ತಾಳ."

ಅವ್ವ ಒಲೆ ಆರಿಸಿದಳು. ಬಸ್ಸಿಗೆ ಹೋಗುತ್ತೇನೆ ಎಂದಳು. ಅಪ್ಪ ಹೋಗಿ ಹೊಸ್ತಿಲನ್ನು ಎತ್ತಿ ಗೋಡೆಗೆ ಆನಿಸಿದ. ಆತನ ಮುಖ ನೋಡಿದರೆ ಈ ಸಲ ಎತ್ತಾದರೂ ಎಳೆಯಲಿ, ಮುಟ್ಟಿಸಿಯೇ ತೀರುತ್ತೇನೆ ಎಂಬಂತಿತ್ತು. ಅದು ಅವ್ವನಿಗೂ ಕಂಡಿರಬೇಕು, ಕಾರು ಹತ್ತಿದಳು. ಮಾಮಾ ಮುಂದೆ, ಅವ್ವ ಮತ್ತು ನಾನು ಹಿಂದೆ. ಇಟ್ಟಂಗಿಹಾಳದ ಹತ್ತಿರ ಬರುವಷ್ಟರಲ್ಲೇ ಮುಳ್ಳು ಕೆಂಪಿಗೆ ಹೋಯಿತು. ಅಪ್ಪ ಅದರ ಕಡೆ ನೋಡುವುದನ್ನೇ ಬಿಟ್ಟ. ನನ್ನ ಕೈ ಅವ್ವನ ಕೈಯಲ್ಲಿತ್ತು, ಆಕೆ ಹಿಚುಕುತ್ತಿದ್ದದ್ದು ಆಕೆಗೇ ಗೊತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮೂತಿಯಿಂದ ಬಿಳಿ ಉಗಿ ಎದ್ದು ಗಾಜು ಮುಚ್ಚಿಕೊಂಡಿತು. ಬೇವಿನ ಮರದ ಕೆಳಗೆ ಕಾರು ತಾನೇ ನಿಂತಿತು.

ಬೇರೆ ದಿನವಾಗಿದ್ದರೆ ಅಪ್ಪ ಆರುವವರೆಗೆ ಕಾಯುತ್ತಿದ್ದ, ಅಷ್ಟು ಬುದ್ಧಿ ಆತನಿಗಿತ್ತು. ಅವತ್ತು ಕಾಯಲಿಲ್ಲ. ಹೆಗಲ ಟವೆಲನ್ನು ಕೈಗೆ ಸುತ್ತಿಕೊಂಡು ಮುಚ್ಚಳ ತಿರುವಿಬಿಟ್ಟ. ಒಳಗೆ ಒತ್ತಿಕೊಂಡಿದ್ದ ಕುದಿನೀರು ಒಮ್ಮೆಲೇ ಮೇಲೆ ಹಾರಿ ಆತನ ಮೊಣಕೈಯವರೆಗೆ ಬಿತ್ತು. ಕುಸಿದು ಕೂತ. ಅವ್ವ ಕುಡಿಯಲು ತಂದಿದ್ದ ತಣ್ಣೀರನ್ನೆಲ್ಲ ತೋಳಿನ ಮೇಲೆ ಸುರಿದಳು. ಚರ್ಮ ಆಗಲೇ ಬೊಬ್ಬೆ ಎದ್ದಿತ್ತು. ಟಿಕೋಟಾ ಕಡೆಯಿಂದ ದ್ರಾಕ್ಷಿ ತುಂಬಿಕೊಂಡು ಬರುತ್ತಿದ್ದ ಟೆಂಪೋ ನಮ್ಮನ್ನು ನೋಡಿ ನಿಂತಿತು. ಮುಂದೆ ಇಬ್ಬರಿಗೆ ಜಾಗವಿತ್ತು. ಮಾಮಾ ಅಪ್ಪನನ್ನು ಹತ್ತಿಸಿ, ವಿಜಯಪುರದ ದವಾಖಾನೆಗೆ ಎಂದು ತಾನೂ ಹತ್ತಿದ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ. ನೋವಿಗೆ ತುಟಿ ಬಿಳಿಚಿದ್ದವು. ಅವ್ವನ ತಾಯಿಯ ಹೆಸರು ಎತ್ತುತ್ತಾನೆ ಎಂದು ನಾನು ಅಂದುಕೊಂಡಿದ್ದೆ.

"ನೀ ಗಾಡ್ಯಾಗ ಕುಂತಿರು. ಮೆಕ್ಯಾನಿಕ್ಕನ್ನ ಕರಕೊಂಡು ಬರತೇನಿ. ಬಿಟ್ಟು ಎಲ್ಲೂ ಹೋಗಬ್ಯಾಡ."

ಟೆಂಪೋ ಹೋಯಿತು. ನಾವಿಬ್ಬರೂ ಕಾರಿನ ಒಳಗೆ ಕೂತೆವು. ನೆರಳು ಸರಿದು ಬಿಸಿಲು ಸೀಟಿಗೆ ಬಂತು, ರೆಕ್ಸಿನ್ನು ತೊಡೆಗೆ ಅಂಟಿತು. ಟಿಕೋಟಾ ಕಡೆ ಹೋಗುವ ಬಸ್ಸೊಂದು ಬಂತು, ನಿಧಾನ ಮಾಡಿತು, ಅವ್ವ ಕದಲಲಿಲ್ಲ, ಅದು ಹೋಯಿತು. ಅದರ ಧೂಳು ಕಿಟಕಿಯಿಂದ ಒಳಗೆ ಬಂದು ನಮ್ಮ ಮೇಲೆ ಕೂತಿತು. ಅವ್ವ ಅಳುತ್ತಿರಲಿಲ್ಲ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದಳು, ಆಯಿ ಮಧ್ಯಾಹ್ನ ಕಾರಿನ ಗಾಜನ್ನು ನೋಡುತ್ತಿದ್ದ ಹಾಗೆ. ಅಷ್ಟು ದೊಡ್ಡ ಬಯಲು, ಸುತ್ತ ಒಂದು ಗೋಡೆಯಿಲ್ಲ, ಕಾರಿನ ನಾಲ್ಕೂ ಬಾಗಿಲು ತೆರೆಯುತ್ತವೆ. ಆದರೂ ಹೊರಗೆ ಕಾಲಿಡಲಾಗದೆ ಕೂತಿದ್ದೆವು. ನಾನು ಅವ್ವನ ಸೆರಗು ಜಗ್ಗಿದೆ.

"ಯವ್ವಾ, ಅಮ್ಮ ಕಾಯಾಕತ್ತಿರತಾಳ."

ಎರಡನೆಯ ಬಸ್ಸಿನ ಸದ್ದು ಕೇಳಿದಾಗ ಅವ್ವ ಎದ್ದಳು. ಅವಸರ ಮಾಡಲಿಲ್ಲ. ಒಂದೊಂದೇ ಕಿಟಕಿಯ ಹಿಡಿಕೆ ತಿರುವಿ ಗಾಜು ಏರಿಸಿದಳು. ಅಪ್ಪ ಬಿಟ್ಟುಹೋಗಿದ್ದ ಕೀಲಿಕೈಯನ್ನು ತೆಗೆದು ಬಾಗಿಲುಗಳಿಗೆ ಬೀಗ ಹಾಕಿದಳು, ಒಮ್ಮೆ ಜಗ್ಗಿ ನೋಡಿದಳು. ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ ಬಸ್ಸಿಗೆ ಕೈ ಮಾಡಿದಳು.

"ಅಪ್ಪ ಬೈತಾನ," ಎಂದೆ.

"ಬೈಲಿ. ಬೈಸಿಕೊಳ್ಳಾಕ ಮನಿಗಿ ಹೋಗೂದಂತೂ ಐತಲ್ಲ."

ಟಿಕೋಟಾದಲ್ಲಿ ಬಸ್ಸು ಬದಲಿಸಿ ಘೋಣಸಗಿ ಮುಟ್ಟಿದಾಗ ಅಮ್ಮ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಳು. ಕಣ್ಣು ತೆರೆದಿದ್ದವು, ಏನೂ ಕಾಣುತ್ತಿರಲಿಲ್ಲ. ಅವ್ವನ ಮುಖವನ್ನು ಎರಡೂ ಕೈಯಿಂದ ಸವರಿದಳು, ಕಾರನ್ನು ಸವರಿದ ಹಾಗೆಯೇ, ಹಣೆಯಿಂದ ಗದ್ದದವರೆಗೆ.

"ಬಂದ್ಯಾ? ಕಾರಿನ್ಯಾಗ ಬಂದ್ಯಾ?"

ಸುತ್ತ ಓಣಿಯ ಹೆಂಗಸರಿದ್ದರು. ನಾವು ಬಸ್ಸಿಳಿದು ನಡೆದು ಬಂದದ್ದನ್ನು ಎಲ್ಲರೂ ನೋಡಿದ್ದರು. ಅವ್ವ ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ತಾಯಿಯ ಅಂಗೈಯಲ್ಲಿ ಇಟ್ಟಳು.

"ಹೂಂ ಯವ್ವಾ. ಕಾರಿನ್ಯಾಗಽ ಬಂದೇನಿ."

ಅಮ್ಮ ಬೆರಳು ಮಡಚಿ ಅದನ್ನು ಹಿಡಿದುಕೊಂಡಳು. ಯಾರೂ ತುಟಿ ಬಿಚ್ಚಲಿಲ್ಲ. ಆ ಹೆಂಗಸರ ಋಣವನ್ನು ನಾನು ಮರೆತಿಲ್ಲ.

ಮಾಮಾ ರಾತ್ರಿಯೇ ವಾಪಸು ಬಂದಿದ್ದ, ಮರುದಿನ ಬೆಳಿಗ್ಗೆ ಬಸ್ಸಿನಿಂದ ಅಪ್ಪ ಇಳಿದ. ತೋಳಿಗೆ ದಪ್ಪ ಪಟ್ಟಿ, ಕೊರಳಿಂದ ಇಳಿಬಿದ್ದ ಬಟ್ಟೆಯ ಜೋಳಿಗೆಯಲ್ಲಿ ಕೈ. ಮೆಕ್ಯಾನಿಕ್ಕು ಬಂದರೂ ಕೀಲಿಕೈ ಇಲ್ಲದೆ ಕಾರನ್ನು ಕದಲಿಸಲಾಗಿರಲಿಲ್ಲ. ಎತ್ತು ಕಟ್ಟಿ ಎಳೆಸಿದ್ದ ಅದೇ ಅಗಸಿಯಲ್ಲಿ ಆತ ಒಬ್ಬನೇ ನಡೆದು ಬಂದ. ಅವ್ವ ಹೊರಸಿನ ಪಕ್ಕದಿಂದ ಏಳಲಿಲ್ಲ. ನಾನು ಗೋಡೆಗೆ ಆತುಕೊಂಡು ನಿಂತೆ, ಬೈಗುಳ ಈಗ ಬರುತ್ತದೆ ಎಂದು.

"ಕೀಲಿಕೈ ಎಲ್ಲೈತಿ?" ಎಂದು ಕೇಳಿದ.

"ಯವ್ವನ ಕೈಯಾಗ ಐತಿ," ಎಂದಳು ಅವ್ವ. "ತಗೋರಿ."

ಅಮ್ಮನ ಮುಷ್ಟಿ ಎದೆಯ ಮೇಲಿತ್ತು. ದನಿ ಕೇಳಿ ಆಕೆ ತಲೆ ಹೊರಳಿಸಿದಳು.

"ಅಳಿಯಂದಿರೇನ? ಭಾಳ ಚಲೋ ಆತ್ರಿ. ಕಾರು ನೆರಳಿಗಿ ನಿಂದರಸೀರಿಲ್ಲೋ?"

ಅಪ್ಪ ಅವ್ವನನ್ನು ನೋಡಿದ. ಆಕೆ ನೋಟ ತಗ್ಗಿಸಲಿಲ್ಲ. ಆಮೇಲೆ ಆತ ಹೊರಸಿನ ಅಂಚಿಗೆ, ಪಟ್ಟಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಕೂತ.

"ನಿಂದರಸೇನ್ರಿ ಅತ್ತಿ. ಬೇವಿನ ಗಿಡದ ಬುಡಕ ಐತಿ."

ಅಮ್ಮ ಹೋದದ್ದು ಅದರ ಮರುದಿನ. ಅಲ್ಲಿಯವರೆಗೂ ಕೀಲಿಕೈ ಆಕೆಯ ಮುಷ್ಟಿಯಲ್ಲೇ ಇತ್ತು, ಅಪ್ಪ ಕೇಳಲಿಲ್ಲ.